ಪುಣೆಯ ಬಡವರ ಮನೆ ಮತ್ತು ಪಾಲಿಕೆಯ ಬೊಕ್ಕಸ

ನಗರದ ಬಡವರಿಗೆ ಸೂರು ಒದಗಿಸುವ ಹೊಣೆ ಯಾರದೆಂಬ ಪ್ರಶ್ನೆಗೆ ಸಂವಿಧಾನ ಕೊಡುವ ಉತ್ತರ ಒಂದು, ಪಾಲಿಕೆಯ ಜಮಾಖರ್ಚಿನ ಪುಸ್ತಕ ಕೊಡುವ ಉತ್ತರ ಮತ್ತೊಂದು. 1992ರಲ್ಲಿ ಅಂಗೀಕಾರಗೊಂಡ 74ನೆಯ ತಿದ್ದುಪಡಿಯು ರಾಜ್ಯಗಳು ನಗರಾಡಳಿತಗಳಿಗೆ ವಹಿಸಿಕೊಡಬಹುದಾದ ಹದಿನೆಂಟು ವಿಷಯಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಪಟ್ಟಿಮಾಡಿ, ಕೊಳೆಗೇರಿಗಳ ಸುಧಾರಣೆಯನ್ನೂ ಬಡತನ ನಿವಾರಣೆಯನ್ನೂ ಅದರಲ್ಲಿ ಸೇರಿಸಿತು. ಆ ಕೆಲಸಕ್ಕೆ ತಗಲುವ ಹಣದ ಮಾತನ್ನು ಮಾತ್ರ ಬಹುಮಟ್ಟಿಗೆ ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಹೊಣೆ ಕೆಳಗಿಳಿದು ಹಣ ಮೇಲೆಯೇ ಉಳಿದಾಗ ಏನಾಗುತ್ತದೆ ಎಂಬುದಕ್ಕೆ ಪುಣೆಯಷ್ಟು ಸ್ಪಷ್ಟವಾದ ನಿದರ್ಶನ ಹತ್ತಿರದಲ್ಲಿ ಸಿಗಲಾರದು.

1950ರಲ್ಲಿ ಸ್ಥಾಪನೆಯಾದ ಪುಣೆ ಮಹಾನಗರಪಾಲಿಕೆಯ ಆದಾಯದ ಬೆನ್ನೆಲುಬಾಗಿದ್ದದ್ದು ಜಕಾತಿ, ಅಂದರೆ ಊರೊಳಗೆ ಬರುವ ಸರಕಿನ ಮೇಲೆ ನಾಕಾಗಳಲ್ಲಿ ವಸೂಲಾಗುತ್ತಿದ್ದ ತೆರಿಗೆ. ಲಾರಿಗಳನ್ನು ತಡೆದು ನಿಲ್ಲಿಸುತ್ತಿದ್ದ ಈ ಪದ್ಧತಿಯನ್ನು ವ್ಯಾಪಾರಿಗಳು ದ್ವೇಷಿಸಿದ್ದು ಸಹಜವೇ ಆದರೂ, ದರ ಯಾವುದು, ಖರ್ಚು ಯಾವುದಕ್ಕೆ ಎಂದು ಹೇಳುವ ಬಲವನ್ನು ಪಾಲಿಕೆಗೆ ಕೊಟ್ಟಿದ್ದದ್ದು ಅದೇ. 2013ರ ಏಪ್ರಿಲ್‌ನಲ್ಲಿ ಜಕಾತಿಯ ಜಾಗಕ್ಕೆ ಸ್ಥಳೀಯ ಸಂಸ್ಥೆ ತೆರಿಗೆ ಬಂತು. 2015ರ ಆಗಸ್ಟ್‌ನಲ್ಲಿ ಅದೂ ಬಹುಪಾಲು ವ್ಯಾಪಾರಿಗಳ ಮಟ್ಟಿಗೆ ರದ್ದಾಯಿತು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ, ವರ್ಷಕ್ಕೆ ಶೇ. 8ರಷ್ಟು ಏರಿಕೆಯ ಲೆಕ್ಕದಲ್ಲಿ ರಾಜ್ಯ ಸರ್ಕಾರ ಕೊಡುವ ಪರಿಹಾರಧನವೇ ಅದರ ಬದಲಿಯಾಯಿತು. ಮೊತ್ತ ಎಷ್ಟೇ ಇರಲಿ, ಸ್ವಂತ ತೆರಿಗೆಗೂ ಇನ್ನೊಬ್ಬರ ಕೈಯಿಂದ ಬರುವ ಪರಿಹಾರಕ್ಕೂ ವ್ಯತ್ಯಾಸವಿದೆ. ಆಸ್ಟ್ರಿಯಾದ ವಿಯೆನ್ನಾ ನಗರವು 1923ರಲ್ಲಿ ದೊಡ್ಡ ಮನೆಗಳ ಮೇಲೆ ಹೆಚ್ಚು, ಸಣ್ಣ ಮನೆಗಳ ಮೇಲೆ ಕಡಿಮೆ ಎಂಬಂಥ ವಸತಿ ತೆರಿಗೆಯನ್ನು ತಾನೇ ವಿಧಿಸಿ, 1934ರೊಳಗೆ ಕಾರ್ಮಿಕರಿಗಾಗಿ 60,000ಕ್ಕೂ ಮಿಕ್ಕಿ ಮನೆಗಳನ್ನು ಕಟ್ಟಿಸಿತು. ಅಂಥದೊಂದು ತೆರಿಗೆಯನ್ನು ತಾನಾಗಿಯೇ ಹುಟ್ಟುಹಾಕುವ ಅಧಿಕಾರ ಭಾರತದ ಯಾವ ಪಾಲಿಕೆಗೂ ಇಲ್ಲ.

ಸರ್ಕಾರವೇ ಮುಂದೆ ನಿಂತು ಮನೆ ಕಟ್ಟಿಸಿದ ಕಾಲವನ್ನು ಪುಣೆ ಕಾಣದೆ ಇಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿಯ ದಂಡೆಯ ಪೇಟೆಗಳು ನೀರುಪಾಲಾದ ಮೇಲೆ, ನೆಲೆ ಕಳೆದುಕೊಂಡವರಿಗಾಗಿ ಗೋಖಲೆನಗರ, ಜನವಾಡಿಯಂಥ ವಸಾಹತುಗಳು ಎದ್ದವು. ಆದರೆ ಅದು ವಿಪತ್ತಿಗೆ ನೀಡಿದ ಉತ್ತರವಾಗಿತ್ತು. ದಿನದಿನವೂ ಬೆಳೆಯುತ್ತಿದ್ದ ಝೋಪಡಪಟ್ಟಿಗಳಿಗೆ ಅಂಥ ತುರ್ತು ಎಂದೂ ಸಲ್ಲಲಿಲ್ಲ. ಅವುಗಳಿಗೆ ದೊರೆತದ್ದು ಮೊದಲು 1971ರ ಕೊಳೆಗೇರಿ ಕಾಯ್ದೆ, ಬಳಿಕ 2005ರಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಡಕ್ಕೆಂದು ರಚನೆಯಾದ ಝೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ. ಈ ಪ್ರಾಧಿಕಾರದ ಏರ್ಪಾಡಿನಲ್ಲಿ ಬೊಕ್ಕಸದ ಹಣದ ಬದಲು ಕಟ್ಟುವ ಹಕ್ಕೇ ನಾಣ್ಯವಾಗುತ್ತದೆ. ಅರ್ಹ ನಿವಾಸಿಗಳಿಗೆ ಬಿಲ್ಡರ್ ಉಚಿತವಾಗಿ ಮನೆ ಕಟ್ಟಿಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ, ನಿವೇಶನದ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂಬ ಮಿತಿಯನ್ನು, ಅಂದರೆ ಎಫ್‌ಎಸ್‌ಐಯನ್ನು, ಅವನಿಗೆ ಹೆಚ್ಚಿಸಿ ಕೊಡಲಾಗುತ್ತದೆ. ಅಲ್ಲೇ ಬಳಸಲಾಗದಷ್ಟನ್ನು ಬೇರೆಡೆ ಬಳಸುವ ಅಥವಾ ಮಾರುವ ಹಕ್ಕನ್ನು ಟಿಡಿಆರ್ ಎನ್ನುತ್ತಾರೆ. ಪಾಲಿಕೆಗೆ ನಯಾಪೈಸೆ ಖರ್ಚಿಲ್ಲದ ಈ ಲೆಕ್ಕ ಆಕರ್ಷಕವಾಗಿಯೇ ಕಂಡರೂ, ನೆಲದ ಬೆಲೆ ಎಲ್ಲಿ ಗಗನಕ್ಕೇರಿದೆಯೋ ಅಲ್ಲಿಯ ಗುಡಿಸಲಿಗೆ ಮಾತ್ರ ಬಿಲ್ಡರನ ಕಣ್ಣು ಬೀಳುತ್ತದೆ; ಪರ್ವತಿ ಗುಡ್ಡದ ಇಳಿಜಾರಿನಂಥ ಕಷ್ಟದ ಜಾಗದಲ್ಲಿರುವವರ ಸರದಿ ಯಾವಾಗ ಬರುತ್ತದೆಂಬುದನ್ನು ಮಾರುಕಟ್ಟೆಯೇ ತೀರ್ಮಾನಿಸುತ್ತದೆ.

ಇದಕ್ಕೆ ಪ್ರತಿಯಾದ ಪ್ರಯೋಗವೊಂದು ಯೆರವಡಾದಲ್ಲಿ ನಡೆಯಿತು, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2005ರ ಡಿಸೆಂಬರ್‌ನಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ನಗರ ನವೀಕರಣ ಅಭಿಯಾನದಡಿ, ಜನರನ್ನು ಎತ್ತಂಗಡಿ ಮಾಡದೆ ಇದ್ದಲ್ಲೇ ಮನೆ ಕಟ್ಟುವ ಯೋಜನೆಗೆ ಪಾಲಿಕೆ ಕೈಹಾಕಿತು. ಒಂದು ಮನೆಗೆ ನಿಗದಿಯಾದ 3 ಲಕ್ಷ ರೂಪಾಯಿಯಲ್ಲಿ ಕೇಂದ್ರದ ಪಾಲು ಅರ್ಧ, ರಾಜ್ಯದ್ದು ಶೇ. 30, ಪಾಲಿಕೆಯದು ಶೇ. 10, ಉಳಿದ ಶೇ. 10 ಮನೆಯವರ ವಂತಿಗೆ. ಮದರ್ ತೆರೇಸಾ ನಗರ, ನೇತಾಜಿ ನಗರ ಮೊದಲಾದ ವಸ್ತಿಗಳಲ್ಲಿ ಸ್ಪಾರ್ಕ್ ಸಂಸ್ಥೆ ಮತ್ತು ಮಹಿಳಾ ಮಿಲನ್ ಸಂಘಟನೆಯವರು ಮನೆಮನೆಯ ಅಳತೆ ಮಾಡಿ, ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಮುಂತಾದವರು ನಿವಾಸಿಗಳೊಡನೆ ಕೂತು ನಕ್ಷೆ ಸಿದ್ಧಪಡಿಸಿದರು. ಗಟ್ಟಿಯಾಗಿದ್ದ ಮನೆಗಳನ್ನು ಮುಟ್ಟಲಿಲ್ಲ. ತಗಡಿನ, ಮಣ್ಣಿನ ಕಚ್ಚಾ ಮನೆಗಳನ್ನಷ್ಟೇ ಕೆಡವಿ, ಅದೇ ಜಾಗದಲ್ಲಿ 270 ಚದರ ಅಡಿಯ ಮನೆಗಳನ್ನು ಎತ್ತಿದರು. ಅಷ್ಟು ಜಾಗವಿಲ್ಲದವರು ನೆರೆಯವರೊಂದಿಗೆ ಸೇರಿ ಮೇಲುಮೇಲಕ್ಕೆ ಕಟ್ಟಿಕೊಂಡರು. ಓಣಿ, ನೆರೆಹೊರೆ, ಮಕ್ಕಳ ಶಾಲೆ, ಮನೆಗೆಲಸದ ದಾರಿ ಯಾವುದೂ ಕಡಿದುಹೋಗಲಿಲ್ಲ. ಅದೇ ಅಭಿಯಾನದ ಹಣದಲ್ಲಿ ವಾರಜೆ, ಹಡಪಸರಗಳಲ್ಲಿ ಎದ್ದ ಬಹುಮಹಡಿ ಕಟ್ಟಡಗಳಿಗೆ ಹೋದವರ ಪಾಲಿಗೆ ಹಾಗಾಗಲಿಲ್ಲ: ಸೂರು ಸಿಕ್ಕಿತು, ಆದರೆ ದುಡಿಮೆಯ ಜಾಗ ದೂರವಾಯಿತು. ಯೆರವಡಾ ತೋರಿಸಿದ್ದು ಇಷ್ಟೇ: ಪಾಲಿಕೆಯ ಕೈಯಲ್ಲಿ ನಗದು ಇದ್ದಾಗ, ಮಾರಲು ನೆಲ ಉಳಿಸುವ ಅಗತ್ಯ ಬೀಳುವುದಿಲ್ಲ. ಆದರೆ ಅಭಿಯಾನ ಮುಗಿದೊಡನೆ ಆ ನಗದೂ ಮುಗಿಯಿತು.

2015ರ ಜೂನ್ 25ರಂದು ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸಹಾಯಧನದ ಸ್ವರೂಪವೇ ಬದಲಾಯಿತು. ಪಾಲುದಾರಿಕೆಯಲ್ಲಿ ಕಟ್ಟುವ ಮನೆಗೆ ಕೇಂದ್ರ 1.5 ಲಕ್ಷ, ಮಹಾರಾಷ್ಟ್ರ ಸರ್ಕಾರ 1 ಲಕ್ಷ ಕೊಟ್ಟರೆ, ಪಾಲಿಕೆ ಮುಖ್ಯವಾಗಿ ತನ್ನ ನೆಲವನ್ನು ಕೊಡುತ್ತದೆ. ಮಿಕ್ಕದ್ದನ್ನು ಫಲಾನುಭವಿ ತುಂಬಬೇಕು. ಹಡಪಸರ, ಖರಾಡಿ, ವಡಗಾಂವ್ ಖುರ್ದ್‌ಗಳಲ್ಲಿ ಪುಣೆ ಪಾಲಿಕೆಯೂ, ಚರ್ಹೋಲಿ, ಬೋರ್ಹಾಡೆವಾಡಿಗಳಲ್ಲಿ ಪಿಂಪ್ರಿ-ಚಿಂಚವಡ ಪಾಲಿಕೆಯೂ ಇಂಥ ಕಟ್ಟಡಗಳನ್ನು ಎಬ್ಬಿಸಿವೆ. ತುಂಬಬೇಕಾದ ಮೊತ್ತಕ್ಕೆ ಬ್ಯಾಂಕ್ ಸಾಲವೇ ಗತಿ, ಸಾಲಕ್ಕೆ ಸಂಬಳದ ಚೀಟಿಯೇ ಆಧಾರ. ದಿನಗೂಲಿಯವರ ಬಳಿ ಅದಿರುವುದಿಲ್ಲ. ಪಾಲಿಕೆಯೇ ಸಾಲ ಎತ್ತಬಹುದಲ್ಲ ಎಂದು ಕೇಳಬಹುದು. 2017ರ ಜೂನ್‌ನಲ್ಲಿ ಪುಣೆ ಪಾಲಿಕೆ ಬಾಂಡ್ ಹೊರಡಿಸಿ 200 ಕೋಟಿ ರೂಪಾಯಿ ಸಂಗ್ರಹಿಸಿದ್ದು ನಿಜ, ಆದರೆ ಅದು ದಿನದ 24 ಗಂಟೆ ನೀರು ಪೂರೈಸುವ ಯೋಜನೆಗೆ. ನೀರಿಗೆ ಕರ ಬರುತ್ತದೆ, ಬಡವರ ಮನೆಗೆ ಅಂಥ ಹುಟ್ಟುವಳಿ ಇಲ್ಲ. ಅನುದಾನವೆಂಬ ತಳಹದಿ ಇಲ್ಲದೆ ಸಾಲ ಮಾತ್ರದಿಂದ ಈ ಮನೆಗಳು ಏಳಲಾರವು.

ಈ ಲೆಕ್ಕದಲ್ಲಿ ಕನ್ನಡದ ಜನರೂ ಇದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮಳೆ ಕೈಕೊಟ್ಟಾಗಲೆಲ್ಲ ಪುಣೆಗೆ ಗುಳೆ ಬಂದು, ಗಾರೆ, ಸೆಂಟ್ರಿಂಗ್, ಮಣ್ಣು ಹೊರುವ ಕೆಲಸಗಳಲ್ಲಿ ನಗರವನ್ನು ಕಟ್ಟಿದವರು ಅವರು. 4,000 ಚದರ ಮೀಟರಿಗೆ ಮಿಗಿಲಾದ ಬಡಾವಣೆಗಳಲ್ಲಿ ಶೇ. 20ರಷ್ಟನ್ನು ಕಡಿಮೆ ಆದಾಯದವರಿಗೆ ಮೀಸಲಿಡಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿದ್ದು, ಆ ಮನೆಗಳನ್ನು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಪುಣೆ ಮಂಡಳಿ ಲಾಟರಿಯ ಮೂಲಕ ಹಂಚುತ್ತದೆ; ಅರ್ಜಿ ಹಾಕುವವರಿಗೆ ಅಧಿವಾಸ ಪತ್ರ ಬೇಕು, ಅದಕ್ಕೆ ಸಾಮಾನ್ಯವಾಗಿ 15 ವರ್ಷ ಆ ರಾಜ್ಯದಲ್ಲಿ ನೆಲೆಸಿರಬೇಕು. ತಲೆಮಾರುಗಳಿಂದ ಅಲ್ಲೇ ಇರುವ ಕನ್ನಡ ಕುಟುಂಬಗಳಿಗೆ ಇದು ಅಡ್ಡಿಯಲ್ಲ. ಬಿತ್ತನೆಗೆ ಊರಿಗೆ ಹೋಗಿ ಸುಗ್ಗಿಯಾದ ಮೇಲೆ ಮರಳುವವರಿಗೆ ಅದು ಮುಚ್ಚಿದ ಬಾಗಿಲು. ಅವರಿಗೆ ಬೇಕಾದದ್ದು ಸ್ವಂತ ಮನೆಗಿಂತ ಮೊದಲು ಕೈಗೆಟುಕುವ ಬಾಡಿಗೆ ಮನೆ. ಅದಕ್ಕೆ ಬಳಸಬಹುದಾದ ಹಣವೇ ಇಲ್ಲವೆಂದಲ್ಲ: 1996ರ ಕಾಯ್ದೆಯಿಂದ ಮೊದಲಾದ ಏರ್ಪಾಡಿನಂತೆ ದೊಡ್ಡ ಕಟ್ಟಡಗಳ ವೆಚ್ಚದ ಶೇ. 1ರಷ್ಟು ಉಪಕರವನ್ನು ಕಟ್ಟಡ ಕಾರ್ಮಿಕರ ಹೆಸರಿನಲ್ಲಿ, ನಕ್ಷೆಗೆ ಮಂಜೂರಾತಿ ಕೊಡುವ ವೇಳೆಗೆ ಪಾಲಿಕೆಯೇ ವಸೂಲು ಮಾಡುತ್ತದೆ. ಆ ಹಣ ಪಾಲಿಕೆಯ ವಸತಿ ಲೆಕ್ಕಕ್ಕೆ ಸೇರದೆ ರಾಜ್ಯದ ಕಲ್ಯಾಣ ಮಂಡಳಿಗೆ ಜಮೆಯಾಗುತ್ತದೆ.