ಮನೆಯ ಅಕ್ವೇರಿಯಂ ಎಷ್ಟು ಕರೆಂಟ್ ಎಳೆಯುತ್ತೆ? ಲೆಕ್ಕ ಹಾಕೋದು ಹೀಗೆ

ಜರಗನಹಳ್ಳಿ: ಮಕ್ಕಳ ಆಸೆಗೆ ಮನೆಗೆ ಮೀನಿನ ತೊಟ್ಟಿ ತಂದಾಯ್ತು. ಜೊತೆಗೆ ಫಿಲ್ಟರ್, ಏರ್ ಪಂಪ್, ಲೈಟ್, ಹೀಟರ್ ಎಲ್ಲ ಬಂತು. ಇವೆಲ್ಲ ಹಗಲೂ ರಾತ್ರಿ ಓಡಿದರೆ ಬಿಲ್ ಎಷ್ಟಾಗುತ್ತೆ? ಗೃಹಜ್ಯೋತಿ ಲಾಭ ಕೈತಪ್ಪುತ್ತಾ? ಕರೆಂಟ್ ಹೋದರೆ ಮೀನಿನ ಗತಿ ಏನು? ತೊಟ್ಟಿ ಇಟ್ಟವರೆಲ್ಲ ತಿಳಿದಿರಬೇಕಾದ ವಿಷಯ ಇದು.

ವಾಟ್ ಬೇರೆ, ಯೂನಿಟ್ ಬೇರೆ

ಉಪಕರಣದ ಮೇಲೆ ಬರೆದಿರೋದು ವಾಟ್. ಬೆಸ್ಕಾಂ ಬಿಲ್ ಮಾಡೋದು ಯೂನಿಟ್ ಲೆಕ್ಕದಲ್ಲಿ. 1,000 ವಾಟ್ ಒಂದು ಗಂಟೆ ಓಡಿದರೆ 1 ಯೂನಿಟ್. ಆದ್ದರಿಂದ ವಾಟನ್ನು ದಿನಕ್ಕೆ ಓಡುವ ಗಂಟೆಯಿಂದ ಗುಣಿಸಿ, 30 ದಿನಕ್ಕೆ ಲೆಕ್ಕ ಹಾಕಿ, 1,000ದಿಂದ ಭಾಗಿಸಿ. ತಿಂಗಳ ಯೂನಿಟ್ ಸಿಗುತ್ತೆ.

ಸುಮಾರು 50 ಲೀಟರ್ ಹಿಡಿಯುವ 2 ಅಡಿ ತೊಟ್ಟಿಯ ಉದಾಹರಣೆ ನೋಡಿ:

- ಫಿಲ್ಟರ್ 10 ವಾಟ್, 24 ಗಂಟೆ: ತಿಂಗಳಿಗೆ 7.2 ಯೂನಿಟ್
- ಏರ್ ಪಂಪ್ 4 ವಾಟ್, 24 ಗಂಟೆ: 2.9 ಯೂನಿಟ್
- ಎಲ್‌ಇಡಿ ಲೈಟ್ 12 ವಾಟ್, 8 ಗಂಟೆ: 2.9 ಯೂನಿಟ್

ಒಟ್ಟು 13 ಯೂನಿಟ್. 4 ವಾಟಿನ ಪಂಪ್ ಮೂರು ಪಟ್ಟು ದೊಡ್ಡ ಲೈಟಿನಷ್ಟೇ ಯೂನಿಟ್ ತಗೊಂಡಿದೆ, ಯಾಕಂದ್ರೆ ಅದು ನಿಲ್ಲೋದೇ ಇಲ್ಲ.

ಹೀಟರ್ ಬಂದರೆ ಲೆಕ್ಕ ಡಬಲ್

50 ವಾಟಿನ ಹೀಟರ್ ಪೂರ್ತಿ ದಿನ ಉರಿಯಲ್ಲ. ನೀರು ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಆಫ್ ಮಾಡುತ್ತೆ. ಡಿಸೆಂಬರ್-ಜನವರಿ ಚಳಿಯಲ್ಲಿ ದಿನಕ್ಕೆ 10 ಗಂಟೆ ಉರಿದರೂ ತಿಂಗಳಿಗೆ 15 ಯೂನಿಟ್. ಅಂದರೆ ಉಳಿದ ಮೂರೂ ಸೇರಿ ಎಳೆಯೋದಕ್ಕಿಂತ ಹೆಚ್ಚು. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಅದಕ್ಕೆ ಹೀಟರ್ ಬೇಕಿಲ್ಲ. ಏಂಜಲ್, ಬೆಟ್ಟಾದಂಥ ಮೀನುಗಳಿಗೆ ಚಳಿಗಾಲದಲ್ಲಿ ಬೇಕಾಗುತ್ತೆ.

ಗೃಹಜ್ಯೋತಿ ಮಿತಿ ನೋಡ್ಕೊಳ್ಳಿ

2022-23ರ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ 48 ಯೂನಿಟ್‌ಗಿಂತ ಹೆಚ್ಚಿದ್ದರೆ ಅದಕ್ಕೆ ಶೇ 10 ಸೇರಿಸಿ ಉಚಿತ ಯೂನಿಟ್ ನಿಗದಿಯಾಗಿದೆ. ಸರಾಸರಿ 60 ಇದ್ದರೆ 66 ಯೂನಿಟ್ ಉಚಿತ. ಈಗಲೂ 60 ಬಳಸುವ ಮನೆಗೆ ತೊಟ್ಟಿಯ 13 ಸೇರಿದರೆ 73 ಆಗುತ್ತೆ. ಹೆಚ್ಚಾದ 7 ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟಬೇಕು. ನಿಜವಾಗಿ ಹುಷಾರಾಗಿರಬೇಕಾದವರು 200ರ ಅಂಚಿನಲ್ಲಿರುವವರು. 180 ಯೂನಿಟ್ ಬಳಸುವ ಮನೆಗೆ ಹೀಟರ್ ಸಮೇತ 28 ಸೇರಿದರೆ 208. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಬಿಲ್ ಉಳಿಸಲು ರಾತ್ರಿ ಫಿಲ್ಟರ್ ಆಫ್ ಮಾಡೋದು ಮಾತ್ರ ಬೇಡ. ನೀರಿನ ಕೊಳೆ ಕರಗಿಸುವ ಒಳ್ಳೆ ಬ್ಯಾಕ್ಟೀರಿಯಾ ಫಿಲ್ಟರ್‌ನ ಸ್ಪಂಜಿನಲ್ಲೇ ಇರುತ್ತೆ, ನೀರು ಹರಿಯದಿದ್ದರೆ ಅದಕ್ಕೂ ಉಸಿರಿಲ್ಲ. ಲೈಟ್ ಕಡಿಮೆ ಮಾಡಿ, ಮೀನಿಗೇನೂ ಆಗಲ್ಲ.

ಕರೆಂಟ್ ಹೋದಾಗ

ಬೆಸ್ಕಾಂ ಕಾಮಗಾರಿಗಾಗಿ ಬೆಳಗ್ಗೆಯಿಂದ ಸಂಜೆವರೆಗೆ ಕರೆಂಟ್ ತೆಗೆಯುವ ದಿನ ಮೀನಿಗೆ ಮೊದಲು ಬೇಕಾದ್ದು ಗಾಳಿ. ಇನ್ವರ್ಟರ್ ಇದ್ದರೆ ಏರ್ ಪಂಪನ್ನು ಅದರ ಲೈನಿಗೆ ಹಾಕಿ, ಹೀಟರ್ ಬೇಡ. ಇನ್ವರ್ಟರ್ ಇಲ್ಲದವರು 2 ವಾಟಿನ ಯುಎಸ್‌ಬಿ ಏರ್ ಪಂಪ್ ಇಟ್ಟುಕೊಳ್ಳಬಹುದು. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ನಷ್ಟ ಕಳೆದು ಸುಮಾರು 25 ವಾಟ್-ಗಂಟೆ ಸಿಕ್ಕರೂ 12 ಗಂಟೆ ಓಡುತ್ತೆ. ಕೆಲವು ಪವರ್ ಬ್ಯಾಂಕ್ ಲೋಡ್ ಕಡಿಮೆ ಅಂತ ತಾನಾಗೇ ಆಫ್ ಆಗುತ್ತೆ, ಮೊದಲೇ ಒಮ್ಮೆ ಓಡಿಸಿ ನೋಡಿ. ಆ ಹೊತ್ತಿನಲ್ಲಿ ಮೀನಿಗೆ ಊಟ ಹಾಕಬೇಡಿ.

ಅಂಗಡಿಯವರಿಗೆ

ಅಂಗಡಿಯ ಕಮರ್ಷಿಯಲ್ ಮೀಟರ್‌ಗೆ ಗೃಹಜ್ಯೋತಿ ಇಲ್ಲ. ಅದಕ್ಕಿಂತ ಮುಖ್ಯ, ರಾತ್ರಿ ಶಟರ್ ಎಳೆಯುವಾಗ ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸ ಇದ್ದರೆ ತೊಟ್ಟಿಯೂ ಬೆಳಗಿನವರೆಗೆ ಆಫ್. ಮೀನು ಬೆಳಗ್ಗೆ ತೇಲೋದಕ್ಕೆ ಇದೂ ಒಂದು ಕಾರಣ. ಎಲೆಕ್ಟ್ರಿಷಿಯನ್ ಕೈಲಿ ತೊಟ್ಟಿಗೆ ಪ್ರತ್ಯೇಕ ಎಂಸಿಬಿ ಮತ್ತು ಲೈನ್ ಹಾಕಿಸಿ.

ಸುರಕ್ಷತೆ ಮರೀಬೇಡಿ

- ನೀರಿಗೆ ಕೈ ಹಾಕುವ ಮುಂಚೆ ಎಲ್ಲ ಪ್ಲಗ್ ತೆಗೆಯಿರಿ. ನೀರು ಇಳಿದಾಗ ಹೀಟರ್ ಉರಿಯುತ್ತಿದ್ದರೆ ಗಾಜು ಒಡೆಯುತ್ತೆ.
- ವೈರ್ ಸಾಕೆಟ್‌ಗಿಂತ ಕೆಳಗೆ ಇಳಿದು ಮೇಲೆ ಹೋಗುವಂತೆ ಬಿಡಿ. ಹನಿ ಸಾಕೆಟ್‌ಗೆ ಹೋಗದೆ ನೆಲಕ್ಕೆ ಬೀಳುತ್ತೆ.
- ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ವಾಪಸ್ ಪಂಪಿಗೆ ಬರುತ್ತೆ.
- ಮನೆಯಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ ಇದೆಯಾ ನೋಡಿ, ಇಲ್ಲದಿದ್ದರೆ ತೊಟ್ಟಿ ಇಡುವ ಮುಂಚೆಯೇ ಹಾಕಿಸಿ.

ಏರಿಯಾದಲ್ಲಿ ಕರೆಂಟ್ ಹೋಗಿ ಬರದಿದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.