ಗಿರಾಕಿಯ ಫೋಟೋ ಗೋಡೆಗೆ ಏರಿದರೆ ಮಾಲಕನಿಗೇ ಕೋರ್ಟು!

ಲಿಂಗಸುಗೂರು: ‘ಇಂದು ರೊಕ್ಕ, ನಾಳೆ ಉದ್ರಿ’ ಎಂಬ ಬೋರ್ಡು ಅಂಗಡಿಗಳಿಗೆ ಹಳೆಯದು. ಈಗ ಅದರ ಪಕ್ಕದಲ್ಲೇ ಕ್ಯಾಮೆರಾ ಕೂತಿದೆ. ಜಗಳ ತೆಗೆದವ, ಸಾಮಾನು ಎತ್ತಿಕೊಂಡವ, ಉದ್ರಿ ಮುಳುಗಿಸಿದವ ಇಂಥವರಿಗೆ ‘ಇನ್ನ ನಮ್ಮ ಅಂಗಡಿ ಮೆಟ್ಟಿಲು ಹತ್ತಬ್ಯಾಡ’ ಎಂದ ಮೇಲೆ ಅವರ ಫೋಟೋ ಇಟ್ಟುಕೊಳ್ಳಬಹುದೆ? ಗೋಡೆಗೆ ಅಂಟಿಸಬಹುದೆ? ಬಸ್ ನಿಲ್ದಾಣದ ಸುತ್ತಲಿನ ವ್ಯಾಪಾರಸ್ಥರೂ, ಅಲ್ಲಿ ಚಹಾ ಕುಡಿದು ಬಸ್ ಹತ್ತುವವರೂ ತಿಳಿದಿರಬೇಕಾದ ಸಂಗತಿಯಿದು.

ಕಾವಲಿಗೆ ಅಡ್ಡಿಯಿಲ್ಲ

ಅಂಗಡಿಯ ಕಾವಲಿಗೆ ಕ್ಯಾಮೆರಾ ಇಡಲು ಅಡ್ಡಿಯಿಲ್ಲ. ಹೆಚ್ಚು ಜನ ಸೇರುವ ಕಡೆ ಇಡಲೇಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಹೇಳುತ್ತದೆ. ಕಳವಾದಾಗ ಆ ಚಿತ್ರವನ್ನು ಠಾಣೆಗೆ ಕೊಟ್ಟರೆ ಸಾಕ್ಷಿಗೆ ಬರುತ್ತದೆ.

ಅದೇ ಚಿತ್ರದ ಕೆಳಗೆ ‘ಕಳ್ಳ’ ಎಂದು ಬರೆದು ಬಾಗಿಲಿಗೆ ಹಚ್ಚಿದರೆ, ವಾಟ್ಸಾಪಿಗೆ ಬಿಟ್ಟರೆ ಮಾತು ಬೇರೆ. ಅದು ಮಾನನಷ್ಟದ ಕೇಸಾಗಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಇದಕ್ಕೆ ಎರಡು ವರ್ಷದವರೆಗೆ ಸಜೆಯಿದೆ. ‘ನಿಜವನ್ನೇ ಬರೆದೆ, ಜನರ ಒಳ್ಳೆಯದಕ್ಕೆ ಬರೆದೆ’ ಎಂದು ತೋರಿಸುವ ಹೊಣೆ ಹಚ್ಚಿದವನ ಮೇಲೆಯೇ ಬೀಳುತ್ತದೆ.

ಉದ್ರಿಗೂ ಇದೇ ಮಾತು

ತಿರುವನಂತಪುರದ ಸಹಕಾರ ಸಂಘವೊಂದು ಸಾಲ ಕಟ್ಟದವರ ಫೋಟೋಗಳನ್ನು ಫ್ಲೆಕ್ಸ್ ಮಾಡಿಸಿ ಕಚೇರಿ ಮುಂದೆ ನಿಲ್ಲಿಸಿತ್ತು. ತೆಗೆಯಿರಿ ಎಂದ ಅಧಿಕಾರಿಯ ಆದೇಶವನ್ನು ಕೇರಳ ಹೈಕೋರ್ಟು 2024ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಮರ್ಯಾದೆ ಕಳೆದು ಸಾಲ ವಸೂಲಿ ಮಾಡುವಂತಿಲ್ಲ ಎಂಬುದು ತೀರ್ಪಿನ ಸಾರ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲೇ ಸಾರಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಯಾರನ್ನು ಹೊರಗಿಡಬಹುದು?

ಗಲಾಟೆ ಮಾಡಿದವನನ್ನು ಹೊರಗಿಡುವುದು ಮಾಲಕನ ಹಕ್ಕು. ಆದರೆ ಜಾತಿ, ಧರ್ಮ ನೋಡಿ ಅಂಗಡಿ, ಹೋಟೆಲಿಗೆ ಬಿಡದಿರುವುದನ್ನು ಸಂವಿಧಾನದ 15ನೇ ವಿಧಿ ನಿಷೇಧಿಸಿದೆ. ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. 2024ರ ಜುಲೈನಲ್ಲಿ ಪಂಚೆ ಉಟ್ಟಿದ್ದಕ್ಕೆ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದು ಬಾಗಿಲಲ್ಲೇ ತಡೆದಾಗ, ಅದನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲೇ ಹೇಳಬೇಕಾಯಿತು.

ಹೀಗಾಗಿ ವ್ಯಾಪಾರಸ್ಥರು ಮಾಡಬೇಕಾದ್ದು ಇಷ್ಟೆ: ‘ಇಲ್ಲಿ ಕ್ಯಾಮೆರಾ ಇದೆ’ ಎಂದು ಬೋರ್ಡು ಹಾಕಿರಿ. ಚಿತ್ರ ನಿಮ್ಮಲ್ಲೇ ಇರಲಿ. ಕಳವಾದರೆ ಠಾಣೆಗೆ ದೂರು ಕೊಡಿ, ಉದ್ರಿ ಬಾರದಿದ್ದರೆ ನೋಟಿಸು ಕಳಿಸಿ. ಗೋಡೆಗೆ ಫೋಟೋ ಹಚ್ಚಿ ಕೋರ್ಟಿಗೆ ಅಲೆದರೆ ಬಾಕಿಗಿಂತ ವಕೀಲರ ಫೀಸೇ ದುಬಾರಿಯಾದೀತು.