ಡ್ರೆಸಾಜ್ ತಂಡದ ಆಯ್ಕೆ ವಿವಾದಕ್ಕೀಡಾಗುವುದು ಏಕೆ?

ಸವಾರರ ಸೂಕ್ಷ್ಮ ಸೂಚನೆಯಂತೆ ಕುದುರೆ ನಿಗದಿತ ನಡಿಗೆಗಳನ್ನು ಪ್ರದರ್ಶಿಸುವ, ತೀರ್ಪುಗಾರರು ಪ್ರತಿ ನಡಿಗೆಗೂ ಅಂಕ ನೀಡುವ ಸ್ಪರ್ಧೆ ಡ್ರೆಸಾಜ್. ಇಲ್ಲಿ ಆಯ್ಕೆಯಾಗುವುದು ಸವಾರರಷ್ಟೇ ಅಲ್ಲ, ಸವಾರರು ಮತ್ತು ಕುದುರೆಯ ಜೋಡಿ ಎಂಬುದೇ ವಿವಾದದ ಬೇರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಸ್ಥಾನವನ್ನು ಸವಾರ ಅನುಷ್ ಅಗರ್ವಾಲಾ ಗಳಿಸಿಕೊಟ್ಟರೂ, ಅದು ಗಳಿಸಿದವರಿಗಲ್ಲ, ದೇಶಕ್ಕೆ ಸೇರುವುದರಿಂದ, ಸ್ಲೊವೇನಿಯಾದ ಲಿಪಿಕಾದಲ್ಲಿ ಡ್ರೆಸಾಜ್ ಸ್ಪರ್ಧೆ ಗೆದ್ದಿದ್ದ ಸವಾರರಾದ ಶ್ರುತಿ ವೋರಾ ಕೂಡ ಹಕ್ಕುದಾರರಾಗಿ ನಿಂತರು. ಭಾರತೀಯ ಈಕ್ವೆಸ್ಟ್ರಿಯನ್ ಫೆಡರೇಷನ್ ಒಂದು ವರ್ಷದ ನಾಲ್ಕು ಅತ್ಯುತ್ತಮ ಫಲಿತಾಂಶಗಳ ಸರಾಸರಿಯನ್ನು ಮಾನದಂಡವಾಗಿಸಿ, ಶೇ 67.163 ಪಡೆದ ಶ್ರುತಿಯವರ ಬದಲು ಶೇ 67.695 ಪಡೆದ ಅನುಷ್ ಅವರನ್ನು ಆರಿಸಿತು. ಕುದುರೆಯ ಆರೋಗ್ಯ ಒಂದೇ ವಾರದಲ್ಲಿ ಬದಲಾಗಬಹುದಾದ ಈ ಕ್ರೀಡೆಯಲ್ಲಿ ಇಷ್ಟು ಕಿರಿದಾದ ಅಂತರವು ಪ್ರಶ್ನೆಗೊಳಗಾಗುವುದು ಸಹಜವಾದರೂ, ಮಾನದಂಡವು ಮೊದಲೇ ಪ್ರಕಟವಾಗಿ ಎಲ್ಲರಿಗೂ ಸಮಾನವಾಗಿ ಅನ್ವಯಿಸುವುದೇ ನ್ಯಾಯಯುತ ಮಾರ್ಗ. ಪ್ಯಾರಿಸ್‌ನಲ್ಲಿ ಅನುಷ್, ಸರ್ ಕ್ಯಾರಮೆಲೊ ಕುದುರೆಯೊಡನೆ ಶೇ 66.444 ಅಂಕ ಗಳಿಸಿ ತಮ್ಮ ಗುಂಪಿನಲ್ಲಿ ಒಂಬತ್ತನೆಯವರಾದರು.